ಓದುಗರು ಕೇಳಿದ್ದು: ಕಲ್ಲು ಬಗ್ಗುದು ಯಾವಾಗ, ಒಡೆಯುದು ಯಾವಾಗ?

ಈ ಸಲ ಬಂದ ಕಾಗದ, ವಾಟ್ಸಾಪು ಎಲ್ಲ ಒಟ್ಟು ಹಾಕಿ ನೋಡಿದ್ರೆ ಮುಕ್ಕಾಲು ಪಾಲು ಕಲ್ಲಿನ ಬಗ್ಗೆಯೇ. ಕೋರೆ, ಬೋರು, ಸುರಂಗ, ಭೂಕಂಪ ಅಂತ ಬೇರೆ ಬೇರೆ ಹೆಸರಲ್ಲಿ ಕೇಳಿದ್ದಾರೆ, ಒಳಗಿನ ವಿಷಯ ಹತ್ತಿರ ಹತ್ತಿರ ಒಂದೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ತೆಗೊಂಡಿದ್ದೇನೆ. ಅಡಕೆಯ ಹಳದಿ ರೋಗದ ಬಗ್ಗೆ ಕೇಳಿದವರು ಬೇಜಾರು ಮಾಡ್ಕೊಳ್ಬೇಡಿ, ಅದು ನನ್ನ ಸಬ್ಜೆಕ್ಟೂ ಅಲ್ಲ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆ ಹತ್ರದ ಒಂದು ಹಳೇ ಕರ್ಗಲ್ಲಿನ ಕೋರೆಯ ಫೋಟೋ ಕಳಿಸಿದ್ದೇನೆ. ಗೋಡೆಯಲ್ಲಿ ಕಪ್ಪು ಬಿಳಿ ಪಟ್ಟಿ ಉಂಟು, ಸೀದಾ ಹೋಗುದಿಲ್ಲ, ಬಗ್ಗಿ ತಿರುಗಿ ವಾಪಸ್ ಬಂದಿದೆ. ಸುತ್ತಿಗೆಯಲ್ಲಿ ಬಡಿದ್ರೆ ಕಿಡಿ ಹಾರುವ ಕಲ್ಲು ಬಗ್ಗಿದ್ದು ಹೇಗೆ? ಒಡೀಬೇಕಿತ್ತಲ್ಲ? ಅಪ್ಪ ಹೇಳ್ತಾರೆ, ಆಗ ಅದು ಕೆಸರು ಇದ್ದಿರ್ಬೇಕು, ಬಗ್ಗಿದ ಮೇಲೆ ಗಟ್ಟಿ ಆದದ್ದು ಅಂತ. ಹೌದಾ?
(ಪ್ಲಸ್ ಟು ವಿದ್ಯಾರ್ಥಿನಿ, ಮುಳ್ಳೇರಿಯ ಕಡೆ)

ಉತ್ತರ: ಅಪ್ಪ ಹೇಳಿದ್ದನ್ನು ಪೂರ್ತಿ ತಳ್ಳಿ ಹಾಕ್ಬೇಡಿ ಮಗಳೇ, ಕೆಸರು ಇರುವಾಗಲೇ ಜಾರಿ ಮಡಚಿಕೊಂಡ ಪದರಗಳು ಪ್ರಪಂಚದಲ್ಲಿ ಬೇಕಾದಷ್ಟು ಉಂಟು. ಆದ್ರೆ ನಿಮ್ಮ ಫೋಟೋದ್ದು ಅದಲ್ಲ. ಅದು ನೈಸ್ ಅಂತ ಹೇಳುವ ಕಲ್ಲು. ಕಾಸರಗೋಡಿನ ಮುರಕಲ್ಲು (ಲ್ಯಾಟರೈಟು), ಅದರಡಿಯ ಶೇಡಿಮಣ್ಣು (ಜೇಡಿ) ಎಲ್ಲ ತೆಗೆದ್ರೆ ಅಡಿಯಲ್ಲಿ ಸಿಗುದು ಹೆಚ್ಚಾಗಿ ಈ ನೈಸು, ಇಲ್ಲದಿದ್ರೆ ಚಾರ್ನೊಕೈಟು, ಎರಡೂ 200 ಕೋಟಿ ವರ್ಷಕ್ಕಿಂತ ಹಳೇದು. ಆ ಪಟ್ಟಿಗಳು ಕೆಸರಿನ ಪದರವೇ ಅಲ್ಲ. ಕಲ್ಲು ಭೂಮಿಯ ಒಳಗೆ 15–20 ಕಿಲೋಮೀಟರ್ ಆಳದಲ್ಲಿ ಇದ್ದಾಗ, ಆರೇಳು ನೂರು ಡಿಗ್ರಿ ಬಿಸಿಯಲ್ಲಿ, ಬಿಳಿ ಖನಿಜ ಒಂದು ಕಡೆ ಕಪ್ಪು ಖನಿಜ ಒಂದು ಕಡೆ ಅಂತ ಬೇರೆಯಾಗಿ ಆದ ಪಟ್ಟಿ ಅದು. ಬಿಳಿಯದ್ದು ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನದ್ದು ಬಯೋಟೈಟು, ಹಾರ್ನ್‌ಬ್ಲೆಂಡು. ಅಷ್ಟು ಬಿಸಿಯಲ್ಲೂ ಅದು ಹೆಚ್ಚು ಕಮ್ಮಿ ಗಟ್ಟಿ ಕಲ್ಲೇ, ಕರಗಿದ ಲಾವಾ ಅಲ್ಲ. ಗಟ್ಟಿ ಇರುವಾಗಲೇ ಬಗ್ಗಿದ್ದು, ಅದೇ ಇದರಲ್ಲಿ ಮಜಾ.

ನಮಗೆ ಗೊತ್ತಿರುವ ಕಲ್ಲು ಯಾವ್ದು? ಅಂಗಳದ್ದು. ತಣ್ಣಗೆ, ಸುತ್ತ ಗಾಳಿ, ಮೇಲೆ ಭಾರ ಇಲ್ಲ, ಪೆಟ್ಟು ಬೀಳುದು ಒಂದೇ ಕ್ಷಣ. ಹಾಗಾಗಿ ಒಡೀತದೆ. ಆಳದಲ್ಲಿ ಇದರಲ್ಲಿ ಒಂದೂ ಇಲ್ಲ.

ಮೊದಲು ಒತ್ತಡ ನೋಡಿ. ಒಂದು ಕಿಲೋಮೀಟರ್ ಕೆಳಗೆ ಹೋದ್ರೆ ಮೇಲಿನ ಕಲ್ಲಿನ ಭಾರ ನಮ್ಮ ಗಾಳಿಯ ಒತ್ತಡದ ಸುಮಾರು 270 ಪಟ್ಟು. ಬಿರುಕು ಬಿಡ್ಬೇಕಾದ್ರೆ ಎರಡು ಬದಿ ಚೂರಾದ್ರೂ ದೂರ ಸರೀಬೇಕಲ್ಲ, ಎಲ್ಲ ಕಡೆಯಿಂದ ಅದುಮಿ ಹಿಡಿದಾಗ ಸರಿಯಲಿಕ್ಕೆ ಜಾಗ ಎಲ್ಲಿ? ಇದನ್ನು 1911ರಲ್ಲಿ ಜರ್ಮನಿಯ ಲ್ಯಾಬಲ್ಲಿ ಥಿಯೊಡೋರ್ ಫಾನ್ ಕಾರ್ಮನ್ ಮಾಡಿ ತೋರಿಸಿದ್ರು (ಹೌದು, ಮುಂದೆ ವಿಮಾನ ರಾಕೆಟ್ಟಲ್ಲಿ ಹೆಸರು ಮಾಡಿದ ಅದೇ ಕಾರ್ಮನ್). ಇಟಲಿಯ ಕರಾರಾ ಮಾರ್ಬಲ್ಲಿನ ಉರುಟು ತುಂಡನ್ನು ಸುಮ್ಮನೆ ಮೇಲಿಂದ ಒತ್ತಿದ್ರೆ ಪಟ್ ಅಂತ ಒಡೀತದೆ, ಅದೇ ತುಂಡಿನ ಸುತ್ತ ಜೋರು ಒತ್ತಡದ ದ್ರವ ತುಂಬಿ ಆಮೇಲೆ ಮೇಲಿಂದ ಒತ್ತಿದ್ರೆ ಒಡೆಯದೆ ನಡು ಉಬ್ಬಿ ಕುಳ್ಳಗಾಯ್ತು. ಬಿಸಿ ಮಾಡದೆಯೇ.

ಬಿಸಿ ಸೇರಿದ್ರೆ ಇನ್ನೂ ಸುಲಭ. ಕ್ವಾರ್ಟ್ಜ್ ಸುಮಾರು 300 ಡಿಗ್ರಿ ದಾಟಿದ ಮೇಲೆ ಮೆಲ್ಲ ಬಗ್ಗಲಿಕ್ಕೆ ಶುರು ಮಾಡ್ತದೆ, ಫೆಲ್ಡ್‌ಸ್ಪಾರಿಗೆ 450–500 ಬೇಕು. ಹರಳಿನ ಒಳಗೆ ಅಣುಗಳ ಸಾಲು ಇರ್ತದಲ್ಲ, ಆ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ತಪ್ಪಿದ ಜಾಗ ಇರ್ತದೆ, ಒತ್ತಡ ಬಿದ್ದಾಗ ಆ ತಪ್ಪು ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರೀತಾ ಹೋಗ್ತದೆ, ಹಾಗೆ ಸರಿದು ಸರಿದು ಇಡೀ ಹರಳಿನ ಆಕಾರವೇ ಬದಲಾಗ್ತದೆ, ಎಲ್ಲಿಯೂ ಒಡೆಯುದಿಲ್ಲ. ಚೂರು ನೀರು ಇದ್ದರೆ ಇನ್ನೊಂದು ದಾರಿ ಉಂಟು, ಒತ್ತಡ ಜಾಸ್ತಿ ಇರುವ ಬದಿಯಲ್ಲಿ ಖನಿಜ ಕರಗಿ ಕಮ್ಮಿ ಇರುವ ಬದಿಯಲ್ಲಿ ಹೋಗಿ ಕೂರ್ತದೆ.

ಮೂರನೇದು ಟೈಮು. ಇದು ಹೆಚ್ಚಿನವರ ಮಂಡೆಗೆ ಹೋಗುದಿಲ್ಲ. ಒಂದು ಕಿಲೋಮೀಟರ್ ಉದ್ದದ ಕಲ್ಲು ವರ್ಷಕ್ಕೆ 0.3 ಮಿಲಿಮೀಟರ್ ಕುಗ್ಗಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಹತ್ತು ಲಕ್ಷ ವರ್ಷ ಹಾಗೇ ಕುಗ್ಗಿದ್ರೆ 300 ಮೀಟರ್. ಅಂದ್ರೆ ಮೂರರಲ್ಲಿ ಒಂದು ಪಾಲು ಹತ್ರ ಹೋಯ್ತು. ಪರ್ವತ ಏಳುವ ಜಾಗದಲ್ಲಿ ಕಲ್ಲು ಬಗ್ಗುವ ಸ್ಪೀಡು ಸಾಧಾರಣ ಇಷ್ಟೇ.

ಬಟ್ಟೆಯಲ್ಲಿ ಇದನ್ನು ನೋಡ್ಬಹುದು. 19ನೇ ಶತಮಾನದ ಶುರುವಿನಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಅಂತ ಒಬ್ರು ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಒಂದು ಬಾಗಿಲಿನ ಹಲಗೆ ಇಟ್ಟು ಅದಕ್ಕೆ ಭಾರ ಹಾಕಿ, ಎರಡು ಬದಿಯಿಂದ ಒಳಗೆ ನೂಕಿದ್ರು. ಬಟ್ಟೆ ಮಡಿಕೆ ಮಡಿಕೆಯಾಗಿ ಎದ್ದಿತು, ಅವರ ಊರಿನ ಕಡಲ ಬದಿಯ ಬಂಡೆಯಲ್ಲಿ ಕಾಣುವ ಹಾಗೆಯೇ. ಅಮ್ಮನ ಹಳೇ ಸೀರೆ ನಾಲ್ಕೈದು ಸಿಕ್ಕಿದ್ರೆ ನೀವೂ ಮಾಡಿ. ಮೇಲೆ ಉಬ್ಬಿದ್ದು ಆಂಟಿಕ್ಲೈನ್, ಕೆಳಗೆ ತಗ್ಗಿದ್ದು ಸಿಂಕ್ಲೈನ್, ನಿಮ್ಮ ಪರೀಕ್ಷೆಗೆ ಅಷ್ಟು ಸಾಕು.

ಈಗ ಫೋಟೋಗೆ ಬರುವ. ಎಡ ಬದಿಯಲ್ಲಿ ಬೆರಳು ದಪ್ಪದ ಒಂದು ಬಿಳಿ ಗೆರೆ ಉಂಟು, ಸಣ್ಣ ಸಣ್ಣ ಅಲೆ ಅಲೆ. ಅದರ ಕೆಳಗೆ ಗೇಣು ದಪ್ಪದ ಇನ್ನೊಂದು, ಅದರ ಅಲೆ ದೊಡ್ಡದು, ಸಾವಕಾಶ. ಇದು ಹಾಗೇ ಆಗ್ಬೇಕಾದ್ದು. ಸುತ್ತಲಿನ ಕಲ್ಲಿಗಿಂತ ಗಡಸು ಇರುವ ಪದರವನ್ನು ಉದ್ದಕ್ಕೆ ಒತ್ತಿದ್ರೆ ದಪ್ಪ ಇದ್ದಷ್ಟೂ ಅಲೆ ಉದ್ದ ಬರ್ತದೆ. ಇನ್ನೊಂದು, ಮಡಿಕೆ ತಿರುಗುವ ಮೂಲೆಯಲ್ಲಿ ಕಪ್ಪು ಪಟ್ಟಿ ದಪ್ಪ, ಎರಡು ಬದಿಗೆ ಹೋಗ್ತಾ ತೆಳ್ಳಗೆ. ಕಲ್ಲು ಬದಿಯಿಂದ ಮೂಲೆಗೆ ಹರಿದು ಹೋಗಿದೆ ಅಂತ ಅರ್ಥ. ಬಲಬದಿ ಕೆಳಗೆ ಒಂದು ಕಪ್ಪು ಪದರ ಮೂರು ತುಂಡಾಗಿದೆ, ತುಂಡುಗಳ ನಡುವೆ ಬಿಳಿ ಕಲ್ಲು ಬಂದು ತುಂಬಿಕೊಂಡಿದೆ, ನೋಡಿದ್ರಾ? ಅಲ್ಲಿ ಎಳೆತ ಬಿದ್ದಿದೆ. ಗಡಸು ಪದರ ಒಡೀತು, ಪಕ್ಕದ ಮೆತ್ತನೆಯದು ಹರೀತು. ಒಂದೇ ಬಂಡೆ, ಒಂದೇ ಆಳ, ಒಂದೇ ಬಿಸಿ, ಆದ್ರೂ ಒಂದು ಒಡೆದದ್ದು ಇನ್ನೊಂದು ಬಗ್ಗಿದ್ದು.

ಒಂದು ಕೆಲಸ ಮಾಡಿ. ಒಂದು ದಾರ ತೆಗೊಂಡು ಆ ಸಣ್ಣ ಬಿಳಿ ಗೆರೆಯ ಮೇಲೆ ಅದು ಹೋದ ಹಾಗೆಯೇ ಹಿಡ್ಕೊಂಡು ಹೋಗಿ, ಆಮೇಲೆ ದಾರ ಸೀದಾ ಮಾಡಿ ಅಳೆಯಿರಿ. ಗೆರೆಯ ಎರಡು ತುದಿಯ ನಡುವಿನ ದೂರವನ್ನೂ ಅಳೆಯಿರಿ. ದಾರ ಒಂದು ಮೀಟರ್ ಬಂದು ತುದಿಯಿಂದ ತುದಿಗೆ 40 ಸೆಂಟಿಮೀಟರ್ ಇದ್ದರೆ ಆ ಜಾಗ ಕಮ್ಮಿ ಅಂದ್ರೂ 60 ಶೇಕಡ ಕುಗ್ಗಿದೆ. ಆದ್ರೆ ಒಬ್ಬರೇ ಹೋಗ್ಬೇಡಿ ಮಾರಾಯ್ತಿ, ನೀರು ತುಂಬಿದ ಹಳೇ ಕೋರೆಯಷ್ಟು ಡೇಂಜರ್ ಜಾಗ ನಮ್ಮ ಜಿಲ್ಲೆಯಲ್ಲಿ ಬೇರೆ ಇಲ್ಲ.

ಪ್ರಶ್ನೆ: ಸಾರ್, ನಮ್ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಕೆಳಗಡೆ ಗೋಡೆ ಕಲ್ಲು ತಾನಾಗೇ ಗುಂಡು ಹೊಡೆದಂಗೆ ಸಿಡೀತಿತ್ತು ಅಂತಿದ್ರು. ಯಾರೂ ಮದ್ದು ಇಡದೇನೇ. ಇದು ನಿಜಾನಾ?
(ಕುಪ್ಪಂ, ಆಂಧ್ರ)

ಉತ್ತರ: ನಿಜವೇ. ಅದಕ್ಕೆ ರಾಕ್‌ಬರ್ಸ್ಟ್ ಅಂತ ಹೆಸರು, ಕೋಲಾರದ ಗಣಿ ಇದಕ್ಕೆ ಪ್ರಪಂಚದಲ್ಲೇ ಹೆಸರುವಾಸಿ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಲ್ಲಿ ಮೇಲಿನ ಭಾರವೇ ಗಾಳಿಯ ಒತ್ತಡದ 800 ಪಟ್ಟಿಗಿಂತ ಹೆಚ್ಚು. ಕಲ್ಲು ಒಳಗೇ ಇದ್ದರೆ ನಾಲ್ಕು ಕಡೆಯಿಂದ ಒತ್ತಡ ಇರುವ ಕಾರಣ ಸುಮ್ಮನೆ ಇರ್ತದೆ. ನೀವು ಅದಿರು ತೆಗೆದು ಒಂದು ಖಾಲಿ ಜಾಗ ಮಾಡಿದ್ರಿ ಅಂತಾದ್ರೆ ಆ ಬದಿಯಲ್ಲಿ ತಡೆ ಹೋಯ್ತು, ಖಾಲಿ ಜಾಗ ಹೊರಬೇಕಾಗಿದ್ದ ಭಾರವೂ ಗೋಡೆಯ ಮೇಲೆಯೇ ಬಂತು. ಕಲ್ಲು ಆ ಒತ್ತಡದಲ್ಲಿ ಕೂದಲೆಳೆಯಷ್ಟು ಕುಗ್ಗಿ ಶಕ್ತಿ ಕೂಡಿ ಹಾಕ್ಕೊಂಡಿರ್ತದೆ, ತಡೆಯಲಿಕ್ಕೆ ಆಗದ ಹಂತಕ್ಕೆ ಬಂದಾಗ ಎಲ್ಲ ಒಮ್ಮೆಲೇ ಬಿಡ್ತದೆ.

ಮೇಲಿನ ಉತ್ತರ ಓದಿದವರು ಕೇಳ್ಬಹುದು, ಅಷ್ಟು ಆಳದಲ್ಲಿ ಬಗ್ಗಬೇಕಿತ್ತಲ್ಲ ಅಂತ. 3 ಕಿಲೋಮೀಟರ್ ಅಂದ್ರೆ ಮನುಷ್ಯರಿಗೆ ಆಳ, ಕಲ್ಲಿಗೆ ಅದು ಮೇಲ್ಮೈಯೇ. ಆ ತಳದಲ್ಲಿ ಕಲ್ಲಿನ ಬಿಸಿ 65 ಡಿಗ್ರಿ ಚಿಲ್ಲರೆ. ಕೆಲಸ ಮಾಡುವವರಿಗೆ ನರಕ, ಕ್ವಾರ್ಟ್ಜಿಗೆ ಚಳಿ. ಬಗ್ಗಲಿಕ್ಕೆ ಬೇಕಾದ 300 ಡಿಗ್ರಿ ಸಿಗ್ಬೇಕಾದ್ರೆ ಸಾಧಾರಣವಾಗಿ 10–15 ಕಿಲೋಮೀಟರ್ ಇಳೀಬೇಕು, ನಮ್ಮ ದಕ್ಷಿಣದ ಹಳೇ ತಣ್ಣನೆ ನೆಲದಲ್ಲಿ ಅದಕ್ಕಿಂತಲೂ ಕೆಳಗೆ. ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ಒತ್ತಡದ ಬಗ್ಗೆಯೇ ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಶುರುವಾದದ್ದು ಅದೇ ಕೆಜಿಎಫಲ್ಲಿ. ತಾತ ಕಂಡದ್ದನ್ನೆಲ್ಲ ಬರೆದಿಡಿ, ಅಂಥವರು ಇನ್ನು ಎಷ್ಟು ಜನ ಇದ್ದಾರೆ.

ಪ್ರಶ್ನೆ: ಮಾಷ್ಟ್ರೇ, ತೋಟಕ್ಕೆ ಬೋರು ತೆಗೆಸಿದೆ. 520 ಅಡಿ ಹೋದ್ರೂ ಬರೀ ಧೂಳು. ಬೇಲಿಯ ಆಚೆ ನೆರೆಯವರಿಗೆ 210 ಅಡಿಗೇ ಎರಡು ಇಂಚು ನೀರು. ಪಾಯಿಂಟು ನೋಡಿದವರು ಇಬ್ಬರಿಗೂ ಒಬ್ಬರೇ, ಕೈಯಲ್ಲಿ ತೆಂಗಿನಕಾಯಿ ಇಟ್ಟು ನೋಡಿದ್ದು. ಇನ್ನೊಂದು ಇನ್ನೂರು ಅಡಿ ಇಳಿಸಿ ಅಂತ ಲಾರಿಯವರು ಹೇಳ್ತಾರೆ. ಎಂತ ಮಾಡುದು?
(ಅಡಕೆ ಕೃಷಿಕರು, ಬದಿಯಡ್ಕ)

ಉತ್ತರ: ನಿಲ್ಲಿಸಿ. ಇದು ಮೊದಲು ಹೇಳಿ ಆಮೇಲೆ ಕಾರಣ ಹೇಳ್ತೇನೆ, ಯಾಕಂದ್ರೆ ಕಾಗದ ಬಂದು ಹದಿನೈದು ದಿನ ಆಗಿದೆ, ನೀವು ಇಷ್ಟರಲ್ಲಿ ಇಳಿಸಿಯೇ ಬಿಟ್ಟಿದ್ರೆ ಕ್ಷಮಿಸಿ.

ನಮ್ಮ ಗಟ್ಟಿ ಕಲ್ಲಿನ ಮೈಯಲ್ಲಿ ನೀರು ನಿಲ್ಲಲಿಕ್ಕೆ ಜಾಗ ಇಲ್ಲ. ಹರಳಿಗೆ ಹರಳು ಕಚ್ಚಿಕೊಂಡು ಕೂತಿದೆ. ನೀರು ಇರುದು ಎರಡೇ ಕಡೆ, ಮೇಲಿನ ಕೊಳೆತ ಕಲ್ಲಿನಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬೋರಿನವರು ಗ್ಯಾಪ್ ಸಿಕ್ಕಿತು ಅಂತ ಹೇಳುದು ಈ ಬಿರುಕಿಗೇ. ಈ ಬಿರುಕಿಗೂ ಮುಳ್ಳೇರಿಯದ ಹುಡುಗಿ ಕಳಿಸಿದ ಮಡಿಕೆಗೂ ಸಂಬಂಧ ಉಂಟಾ ಅಂದ್ರೆ, ಹೆಚ್ಚಾಗಿ ಇಲ್ಲ. ಆ ಫೋಟೋದಲ್ಲೇ ಕಾಣ್ತದೆ, ಬಗ್ಗಿದ ಪಟ್ಟಿಗಳನ್ನೆಲ್ಲ ಕ್ಯಾರೇ ಮಾಡದೆ ಅಡ್ಡ ಕೊಯ್ದುಕೊಂಡು ಸೀದಾ ಹೋಗಿದೆ ಬಿರುಕು. ಯಾವುದು ಕೊಯ್ತದೋ ಅದು ಆಮೇಲೆ ಬಂದದ್ದು. ಮಡಿಕೆ ಆಳದಲ್ಲಿ ಬಿಸಿ ಇದ್ದಾಗಿನದ್ದು, ಬಿರುಕು ಅದೇ ಕಲ್ಲು ಮೇಲೆ ಬಂದು ತಣ್ಣಗಾದ ಮೇಲಿನದ್ದು. ಮೇಲಿನ ಹತ್ತಿಪ್ಪತ್ತು ಕಿಲೋಮೀಟರ್ ಕಲ್ಲು ಮಳೆಗೆ ಗಾಳಿಗೆ ಸವೆದು ಹೋದಾಗ ಭಾರ ಇಳೀತು, ಬಿಸಿ ಆರಿ ಕಲ್ಲು ಕುಗ್ಗಿತು, ಆಗ ಬಿರೀತು. ಸುಮಾರು 9 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮ ಈ ಪಡುವಣ ಕರಾವಳಿಯಿಂದ ಕಳಚಿಕೊಂಡು ಹೋದಾಗ ಎಳೆತಕ್ಕೆ ಸಿಕ್ಕಿ ಇನ್ನಷ್ಟು ಬಿರುಕು.

ಇನ್ನು ನಿಮ್ಮ ಮತ್ತು ನೆರೆಯವರ ವಿಷಯ. ಬೋರು ಆರೂವರೆ ಇಂಚಿನ ಒಂದು ಸೀದಾ ತೂತು. ಬಿರುಕು ಅಡ್ಡ ಮಲಗಿದ್ದರೆ ಇಬ್ಬರಿಗೂ ಸಿಗ್ತದೆ. ನೆಟ್ಟಗೆ ನಿಂತಿದ್ದರೆ? ನಿಮ್ಮ ತೂತಿನಿಂದ ಒಂದೇ ಮೀಟರ್ ಆಚೆಗೆ ಅದು ನಿಂತಿರ್ಬಹುದು, ನೀವು ಸಾವಿರ ಅಡಿ ಇಳಿದ್ರೂ ಅದರ ಪಕ್ಕದಲ್ಲೇ ಇಳೀತಾ ಇರ್ತೀರಿ, ಮುಟ್ಟುದಿಲ್ಲ. ಬಿರುಕು ಸಿಕ್ಕಿಯೂ ಅದರೊಳಗೆ ಜೇಡಿ ತುಂಬಿದ್ದರೆ ಅಥವಾ ಕ್ವಾರ್ಟ್ಜ್ ಬೆಳೆದು ಮುಚ್ಚಿ ಹೋಗಿದ್ದರೆ ನೀರು ಸೊನ್ನೆ. ಆಳಕ್ಕೆ ಹೋದಷ್ಟೂ ಮೇಲಿನ ಭಾರ ಬಿರುಕನ್ನು ಒತ್ತಿ ಮುಚ್ತದೆ. ನಮ್ಮಂಥ ಗಟ್ಟಿ ಕಲ್ಲಿನ ಊರಲ್ಲಿ ಒಳ್ಳೆ ನೀರು ಕೊಡುವ ಬಿರುಕು ಹೆಚ್ಚಾಗಿ ಮೇಲಿನ ನೂರು ಮೀಟರಿನಲ್ಲಿ, ಅಂದ್ರೆ ಮುನ್ನೂರು ಮುನ್ನೂರೈವತ್ತು ಅಡಿಯೊಳಗೆ. ಕೆಳಗೆ ಇಲ್ಲವೇ ಇಲ್ಲ ಅಂತ ಅಲ್ಲ, ಸಿಕ್ಕಿದವರೂ ಇದ್ದಾರೆ, ಆದ್ರೆ ಅಡಿಗೆ ಇಷ್ಟು ಅಂತ ದುಡ್ಡು ಕೊಡುವವರು ನೀವು, ತೆಗೊಳ್ಳುವವರು ಲಾರಿಯವರು, ಅದನ್ನು ನೆನಪಿಡಿ.

ತೆಂಗಿನಕಾಯಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಕಾಯಿಗೆ ಏನೂ ಗೊತ್ತಿಲ್ಲ, ಹಿಡಿದವರಿಗೆ ಊರಿನ ತಗ್ಗು, ತೋಡು (ಹಳ್ಳ), ಯಾರ ಬೋರಲ್ಲಿ ಎಷ್ಟು ಅಂತ ಗೊತ್ತಿರ್ತದೆ, ಅಷ್ಟೇ. ತೋಡು ಎಲ್ಲಿ ಗೆರೆ ಎಳೆದ ಹಾಗೆ ಸೀದಾ ಹೋಗ್ತದೆ, ಎಲ್ಲಿ ಒಮ್ಮೆಲೇ ಮೊಣಕೈ ತಿರುಗ್ತದೆ ನೋಡಿ, ಅದು ಹೆಚ್ಚಾಗಿ ಬಿರುಕಿನ ದಾರಿ. ಉಪಗ್ರಹದ ಚಿತ್ರದಲ್ಲಿ ಭೂವಿಜ್ಞಾನಿಗಳು ಹುಡುಕುದೂ ಅದನ್ನೇ. ಅಂಥ ಎರಡು ಗೆರೆ ಕೂಡುವ ಜಾಗ ಸಿಕ್ಕಿದ್ರೆ ಇನ್ನೂ ಒಳ್ಳೇದು. ಹತ್ರ ಕೋರೆ ಇದ್ದರೆ ಡಿಸೆಂಬರಲ್ಲಿ ಹೋಗಿ ಗೋಡೆ ನೋಡಿ, ಹತ್ತು ಬಿರುಕಿನಲ್ಲಿ ಎಲ್ಲೋ ಒಂದೆರಡರ ಬಾಯಿಯಲ್ಲಿ ಮಾತ್ರ ಪಾಚಿ, ಜರಿಗಿಡ ಹಸಿರಾಗಿ ಇರ್ತದೆ. ಅದು ಯಾವ ದಿಕ್ಕಿಗೆ ಹೋಗ್ತದೆ ಅಂತ ಬರ್ಕೊಳ್ಳಿ. ಆಮೇಲೆ ಕರೆಂಟು ಬಿಟ್ಟು ನೆಲದ ರೆಸಿಸ್ಟಿವಿಟಿ (ಕರೆಂಟಿಗೆ ನೆಲ ಎಷ್ಟು ತಡೆ ಕೊಡ್ತದೆ ಅಂತ) ಅಳೆಯುವವರನ್ನು ಕರೆಸಿ ಎರಡನ್ನೂ ತಾಳೆ ನೋಡಿ.

ಪ್ರಶ್ನೆ: ಮುರಕಲ್ಲಿನಲ್ಲಿ ತೂತು ತೂತು ಇರುದು, ಸುರಂಗದಲ್ಲಿ ನೀರು ಒಸರುದು, ಇದೂ ಒತ್ತಡಕ್ಕೆ ಬಿರುಕು ಬಿಟ್ಟದ್ದಾ?
(ಪೈವಳಿಕೆ)

ಉತ್ತರ: ಅಲ್ಲ. ಮುರಕಲ್ಲು ಅಂದ್ರೆ ಕೆಳಗಿನ ಕಲ್ಲು ಮಳೆಗೆ ಬಿಸಿಲಿಗೆ ಕೊಳೆತು, ಕರಗುವುದೆಲ್ಲ ತೊಳೆದು ಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದದ್ದು. ತೂತು ಆ ತೊಳೆತದ್ದು. ಮಳೆನೀರು ಅದರಲ್ಲಿ ಇಳಿದು ಕೆಳಗಿನ ಶೇಡಿಮಣ್ಣಿನ ಹತ್ರ ತಡೆದು ನಿಲ್ತದೆ, ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆದ್ರೆ ಅಲ್ಲಿಂದ ಒಸರ್ತದೆ. ಬೋರಿನ ಲೆಕ್ಕ ಬೇರೆ, ಸುರಂಗದ ಲೆಕ್ಕ ಬೇರೆ.

ಪ್ರಶ್ನೆ: ನಮ್ಮ ಕಡೆ ಬೋಳು ಬಂಡೆ ಮೇಲೆ ಸೌದೆ ಉರಿಸಿ ದೊಡ್ಡ ದೊಡ್ಡ ಚಪ್ಪಡಿ ಎಬ್ಬಿಸ್ತಿದ್ರು. ಮದ್ದಿಲ್ಲ, ಮಿಷನ್ನಿಲ್ಲ. ಬೆಂಕಿಗೆ ಕಲ್ಲು ಚೂರು ಚೂರಾಗದೆ ಹಾಳೆ ಥರ ಏಳೋದು ಹೆಂಗೆ?
(ಮಡಕಶಿರಾ)

ಉತ್ತರ: ಒಳ್ಳೆ ಪ್ರಶ್ನೆ, ನನಗೆ ಈ ಕಾಗದ ಸಿಕ್ಕಿ ಖುಷಿ ಆಯ್ತು. ಆ ಬಂಡೆ ಆಳದಲ್ಲಿ ಹುಟ್ಟಿದ್ದು, ಮೇಲಿನ ಭಾರ ಹೋದಾಗ ಮೇಲ್ಮುಖವಾಗಿ ಬಿಡುಗಡೆ ಸಿಕ್ತು, ಆದ್ರೆ ಬದಿಯ ಒತ್ತಡ ಇನ್ನೂ ಒಳಗೆ ಉಂಟು. ಹಾಗಾಗಿ ಮೇಲ್ಮೈಗೆ ಸಮನಾಗಿ ಪದರ ಪದರ ಬಿಡ್ತದೆ, ಮೇಲೆ ತೆಳ್ಳಗೆ, ಕೆಳಗೆ ಹೋದಷ್ಟೂ ದಪ್ಪ. ಬೋಳು ಗುಡ್ಡಗಳು ಉರುಟಾಗಿ ಕಾಣುದಕ್ಕೂ ಇದು ಒಂದು ದೊಡ್ಡ ಕಾರಣ. ಕೆಲವು ಪದರ ತಾನೇ ಬಿಟ್ಟಿರ್ತದೆ, ಕೆಲವು ಬಿಡಲಿಕ್ಕೆ ರೆಡಿಯಾಗಿ ಕೂತಿರ್ತದೆ. ಬೆಂಕಿ ಹಾಕಿದ್ರೆ ಮೇಲಿನ ಕೆಲವು ಇಂಚು ಮಾತ್ರ ಹಿಗ್ತದೆ, ಕೆಳಗಿನದು ತಣ್ಣಗೆ ಹಾಗೇ ಇರ್ತದೆ, ಎರಡರ ನಡುವೆ ಬಿಡ್ತದೆ. ಒಡ್ಡರ ಜಾಣತನ ಇರುದು ಬೆಂಕಿಯನ್ನು ಒಂದೇ ಕಡೆ ಇಡದೆ ಗೆರೆಯ ಹಾಗೆ ಮೆಲ್ಲ ಮುಂದೆ ಮುಂದೆ ಸರಿಸುದರಲ್ಲಿ. ಸುತ್ತಿಗೆಯಲ್ಲಿ ತಟ್ಟಿ ನೋಡ್ತಾ ಹೋಗ್ತಾರೆ, ಸದ್ದು ಟೊಳ್ಳಾದ್ರೆ ಅಡಿ ಬಿಟ್ಟಿದೆ, ಬೆಂಕಿ ಮುಂದಕ್ಕೆ. ಒಂದೇ ಕಡೆ ಜಾಸ್ತಿ ಉರಿಸಿದ್ರೆ ನೀವು ಹೇಳಿದ ಹಾಗೆ ಚೂರು ಚೂರೇ ಆಗುದು. ಕಲ್ಲಿನ ಒಳಗಿನ ಒತ್ತಡವನ್ನು ಪುಸ್ತಕ ಓದದೆ ಕಿವಿಯಲ್ಲೇ ಓದಿದವರು ಅವರು, ಅವರ ಹತ್ರ ಕೂತು ಕೇಳಿದ ಇಂಜಿನಿಯರುಗಳು ಮಾತ್ರ ಕಮ್ಮಿ.

ಪ್ರಶ್ನೆ: ಸರ್ರೀ, ನಮ್ಮ ಕಡಿ ಭೂಮಿ ಭಾಳ ಗಟ್ಟಿ, ಭೂಕಂಪ ಆಗಂಗಿಲ್ಲ ಅಂತ ಸಾಲ್ಯಾಗ ಕಲಿಸಿದ್ರು. ಮತ್ತ ಲಾತೂರ ಕಡಿ ಕಿಲ್ಲಾರಿ ಭೂಕಂಪ ಹ್ಯಾಂಗ ಆತು? ಆಗ ನಾ ಸಣ್ಣಾಂವ, ಅಕ್ಕಲಕೋಟದಾಗ ನಮ್ಮ ಮನಿ ಸೈತ ಅಲ್ಲಾಡಿತ್ತು.
(ಅಕ್ಕಲಕೋಟ, ಸೋಲಾಪುರ ಜಿಲ್ಲೆ)

ಉತ್ತರ: ಗಟ್ಟಿ ಅನ್ನೋದು ಸರಿಯೇ, ಆಗುದಿಲ್ಲ ಅನ್ನೋದು ತಪ್ಪು. ಗಟ್ಟಿ ಇರುವ ಕಾರಣವೇ ಆದದ್ದು ಅಂತಲೂ ಹೇಳ್ಬಹುದು. ಇಂಡಿಯಾವನ್ನು ಹೊತ್ತ ಭೂಮಿಯ ಮೇಲ್ಪದರದ ತುಂಡು, ಅಂದ್ರೆ ತಟ್ಟೆ (ಪ್ಲೇಟ್), ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಹೋಗ್ತಾ ಏಷ್ಯಾಕ್ಕೆ ಒತ್ತುತ್ತಾ ಉಂಟು. ಅದರ ಹೆಚ್ಚಿನ ಪರಿಣಾಮ ಹಿಮಾಲಯದಲ್ಲಿ, ಅಲ್ಲಿ ಮಡಿಕೆ, ಸ್ತರಭಂಗ ಎಲ್ಲ ಬೇಕಾದಷ್ಟು. ಆದ್ರೆ ಹಿಂದಿನ ಇಡೀ ತಟ್ಟೆಯೂ ಆ ಒತ್ತಡದಲ್ಲೇ ಇರುದು, ನಮ್ಮ ನಿಮ್ಮ ಕಾಲಡಿಯೂ. ಕಲ್ಲು ತಣ್ಣಗೆ ಇದ್ದರೆ ಬಗ್ಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಶಕ್ತಿ ಕೂಡಿ ಹಾಕ್ತಾ ಇರ್ತದೆ, ಎಲ್ಲಿ ಹಳೇ ಬಿರುಕು ಉಂಟೋ ಅಲ್ಲಿ ಒಂದು ದಿನ ಜಾರ್ತದೆ. ಎರಡು ಬದಿ ಜಾರದೆ ಬರೀ ಬಿರಿದಿದ್ರೆ ಅದು ಜಾಯಿಂಟ್, ಜಾರಿದ್ರೆ ಸ್ತರಭಂಗ. ಕೂಡಿ ಹಾಕಿದ ಶಕ್ತಿ ಜಾರುವಾಗ ಬಿಡುಗಡೆಯಾಗುದೇ ಭೂಕಂಪ ಅಂತ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಆದ ಮೇಲೆ ಹ್ಯಾರಿ ರೀಡ್ 1910ರಲ್ಲಿ ಬರೆದಿದ್ರು.

ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಅದೇ ಆದದ್ದು, ತೀವ್ರತೆ 6.2. ನಿಮ್ಮ ಕಡೆಯ ಕರಿಕಲ್ಲಿನ (ಲಾವಾ ಹರಿದು ಗಟ್ಟಿಯಾದ ಬಸಾಲ್ಟ್) ಹಾಸಿನ ದಪ್ಪ ಕೆಲವು ನೂರು ಮೀಟರ್ ಅಷ್ಟೇ, ಜಾರಿದ್ದು ಅದರ ಅಡಿಯ ಹಳೇ ಬಂಡೆ. ಬದಿಯ ಒತ್ತಡಕ್ಕೆ ಒಂದು ಬದಿ ಇನ್ನೊಂದರ ಮೇಲೆ ಹತ್ತಿದ ಜಾತಿಯದ್ದು. ಹಿಂದಿನ ವರ್ಷ ಸಣ್ಣ ಸಣ್ಣ ನಡುಕ ಬಂದಿತ್ತು ಅಲ್ಲಿ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದ್ರು. ತೀವ್ರತೆ ನೋಡಿದ್ರೆ ಅಷ್ಟು ಸಾವು ಆಗ್ಬೇಕಾಗಿರಲಿಲ್ಲ, ಆದ್ರೆ ಜಾರಿದ ಜಾಗ ಆಳ ಇರಲಿಲ್ಲ, ಜನ ಮಲಗಿದ್ರು, ಮನೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಯವು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹತ್ರ ಆದ ಭೂಕಂಪ, 1967ರ ಡಿಸೆಂಬರ್ 11ರದ್ದು, ಬೇರೆ ಥರ. ಅಲ್ಲಿ ಜಲಾಶಯದ ನೀರು ಬಿರುಕಿಗಿಳಿದು ಎರಡು ಬದಿಯ ನಡುವಿನ ತಿಕ್ಕಾಟ ಕಮ್ಮಿ ಮಾಡ್ತು, ಒತ್ತಡ ಮೊದಲೇ ಇತ್ತು, ಜಾರಲಿಕ್ಕೆ ನೆಪ ಸಿಕ್ಕಿತು. ಅದನ್ನು ನೋಡಲಿಕ್ಕೆಂದೇ ಕರಾಡದ ಸಂಶೋಧನಾ ಕೇಂದ್ರದವರು 3 ಕಿಲೋಮೀಟರ್ ಆಳದ ಬೋರು ಕೊರೆದಿದ್ದಾರೆ.

ನೀವು ಈಗ ಹೊಸ ಮನೆ ಕಟ್ಟಿಸ್ತಾ ಇದ್ದೇನೆ ಅಂತಲೂ ಬರೆದಿದ್ರಿ. ಕಲ್ಲಿನ ಗೋಡೆ ಬೇಕೇ ಬೇಕು ಅಂತಾದ್ರೆ ಸಿಮೆಂಟ್ ಗಾರೆ ಹಾಕಿಸಿ, ಗೋಡೆಯ ಎರಡು ಮುಖವನ್ನೂ ಹಿಡಿಯುವ ಉದ್ದ ಕಲ್ಲು ಅಲ್ಲಲ್ಲಿ ಇಡಿಸಿ, ಬಾಗಿಲು ಕಿಟಕಿಯ ಮೇಲೆ ಮನೆಯ ಸುತ್ತ ಎಲ್ಲೂ ತುಂಡಾಗದ ಹಾಗೆ ಕಬ್ಬಿಣ ಹಾಕಿದ ಕಾಂಕ್ರೀಟ್ ಬೆಲ್ಟು ಎಳೆಸಿ. ಮೇಸ್ತ್ರಿ ಬೇಡ ಅಂದ್ರೂ ಬಿಡ್ಬೇಡಿ.